ನದಿಯಿಲ್ಲದ ನಾಡು ಯುಕಟಾನ್

ಮನೆಯಲ್ಲಿ ಅಟ್ಲಾಸ್ ಇದ್ದರೆ ಮೆಕ್ಸಿಕೊ ದೇಶದ ಪುಟ ತೆರೆಯಿರಿ. ಆಗ್ನೇಯ ಮೂಲೆಯಲ್ಲಿ ಹೆಬ್ಬೆರಳಿನಂತೆ ಉತ್ತರಕ್ಕೆ ಚಾಚಿಕೊಂಡಿರುವುದೇ ಯುಕಟಾನ್ ಪರ್ಯಾಯ ದ್ವೀಪ. ಪಶ್ಚಿಮಕ್ಕೂ ಉತ್ತರಕ್ಕೂ ಮೆಕ್ಸಿಕೊ ಕೊಲ್ಲಿ, ಪೂರ್ವಕ್ಕೆ ಕೆರಿಬಿಯನ್ ಸಮುದ್ರ. ವಿಸ್ತಾರ ಒಂದೂಮುಕ್ಕಾಲು ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು. ಈಗ ಅದರ ಉತ್ತರಾರ್ಧದಲ್ಲಿ ನದಿಯ ನೀಲಿ ಗೆರೆ ಹುಡುಕಿ. ಹೇಳಿಕೊಳ್ಳುವಂಥದ್ದು ಒಂದೂ ಸಿಗದು!

ಹಾಗೆಂದು ಅದು ಮರುಭೂಮಿಯಲ್ಲ. ಮಳೆಗಾಲವಿದೆ, ಕಾಡಿದೆ, ಚಂಡಮಾರುತಗಳೂ ಬಡಿಯುತ್ತವೆ. ಕಾರಣವಿರುವುದು ನೆಲದಲ್ಲಿ. ಪರ್ಯಾಯ ದ್ವೀಪದ ಬಹುಭಾಗ ಸುಣ್ಣಕಲ್ಲಿನ ಹಾಸು. ಮಳೆನೀರು ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿ ತುಸು ಆಮ್ಲವಾಗುತ್ತದೆ. ಕಲ್ಲನ್ನು ಕರಗಿಸುತ್ತ ಬಿರುಕುಗಳಲ್ಲಿ ಇಳಿದುಹೋಗುತ್ತದೆ. ಹೀಗಾಗಿ ಇಲ್ಲಿಯ ನದಿಗಳು ಹರಿಯುವುದು ನೆಲದಡಿಯ ಗುಹೆಗಳಲ್ಲಿ. ಗುಹೆಯ ಚಾವಣಿ ಕುಸಿದಲ್ಲಿ ಬಾವಿಯಂಥ ಹೊಂಡ ಬಾಯಿ ತೆರೆಯುತ್ತದೆ. ಅದಕ್ಕೆ ‘ಸೆನೋಟೆ’ ಎಂದು ಹೆಸರು. ಮೂಲ ಮಾಯಾ ಭಾಷೆಯದು. ಮಾಯಾ ಜನರ ಚಿಚೆನ್ ಇಟ್ಜಾ ನಗರ ಬೆಳೆದದ್ದು ಇಂಥ ಹೊಂಡಗಳ ಮಗ್ಗುಲಲ್ಲೇ. ವಾಯವ್ಯದಲ್ಲಿ ಸೆನೋಟೆಗಳು ಕಮಾನಿನಂತೆ ಸಾಲಾಗಿವೆ. 6.6 ಕೋಟಿ ವರ್ಷಗಳ ಹಿಂದೆ ಕ್ಷುದ್ರಗ್ರಹ ಬಡಿದು ಉಂಟಾದ, ಈಗ ಹೂತುಹೋಗಿರುವ ಚಿಕ್ಸುಲುಬ್ ಕುಳಿಯ ಅಂಚು ಅದು. ಕುಳಿಯ ಅಗಲ ಸುಮಾರು 180 ಕಿ.ಮೀ. ಡೈನೊಸಾರ್‌ಗಳ ಅಳಿವಿಗೆ ಕಾರಣವೆನ್ನುವ ಹೊಡೆತ ಇದೇ.

ಇನ್ನು ರಾಜಕೀಯ ಭೂಪಟ. ದೊಡ್ಡ ಪಾಲು ಮೆಕ್ಸಿಕೊದ್ದು. ಬುಡದಲ್ಲಿ ಗ್ವಾಟೆಮಾಲದ ಪೆಟೆನ್ ಪ್ರಾಂತ್ಯದ ಭಾಗ ಮತ್ತು 1981ರಲ್ಲಿ ಬ್ರಿಟನ್ನಿನಿಂದ ಸ್ವತಂತ್ರವಾದ ಬೆಲೀಜ್. ಮೆಕ್ಸಿಕೊ-ಬೆಲೀಜ್ ಗಡಿಗೆ ಹೊಂಡೊ ನದಿ ಒದಗಿತು. ನದಿಯಿಲ್ಲದ ಉತ್ತರದಲ್ಲಿ ಗಡಿ ಎಳೆದದ್ದು ಮನುಷ್ಯರ ಜಗಳ. ಮೊದಲು ಯುಕಟಾನ್ ಒಂದೇ ರಾಜ್ಯವಾಗಿತ್ತು. ಮೆರಿದಾ ನಗರದೊಂದಿಗೆ ಪೈಪೋಟಿಗಿಳಿದ ಬಂದರು ಕಂಪೆಚೆ 1858ರಲ್ಲಿ ಬೇರೆಯಾಯಿತು. ಅದಕ್ಕೂ ಮುಂಚೆ, 1847ರಲ್ಲಿ, ಜಮೀನು ಮತ್ತು ತೆರಿಗೆಯ ಅನ್ಯಾಯದ ವಿರುದ್ಧ ಮಾಯಾ ಜನ ಬಂಡೆದ್ದಿದ್ದರು. ಪೂರ್ವದ ಕಾಡು ಅರ್ಧ ಶತಮಾನ ಅವರ ಕೈಯಲ್ಲಿತ್ತು. 1901ರಲ್ಲಿ ಸೇನೆ ಅವರ ಮುಖ್ಯ ನೆಲೆಯನ್ನು ಹಿಡಿಯಿತು. ಮರುವರ್ಷ ಆ ಭಾಗ ಕಿಂಟಾನಾ ರೋ ಎಂಬ ಪ್ರತ್ಯೇಕ ಪ್ರದೇಶವಾಯಿತು. ರಾಜ್ಯದ ಸ್ಥಾನ ಸಿಕ್ಕಿದ್ದು 1974ರಲ್ಲಿ. ಪ್ರವಾಸಿಗರು ಮುಗಿಬೀಳುವ ಕಾನ್‌ಕುನ್ ಇರುವುದು ಇಲ್ಲೇ. ಆದರೆ ರಾಜಧಾನಿ ಚೆಟುಮಲ್. ರಸಪ್ರಶ್ನೆಗೆ ಹೋಗುವವರು ಗಮನಿಸಿ!

ಮೂರೂ ರಾಜ್ಯಗಳ ಜನ ಮುಖ್ಯವಾಗಿ ನಂಬಿರುವುದು ನೆಲದಡಿಯ ನೀರನ್ನೇ. ತೂತುಗಳಿರುವ ಈ ಕಲ್ಲು ಕೊಳೆಯನ್ನು ಚೆನ್ನಾಗಿ ಸೋಸದು. ಮೇಲೆ ಚೆಲ್ಲಿದ್ದು ಬೇಗ ಕೆಳಗಿಳಿಯುತ್ತದೆ. 2023ರ ಡಿಸೆಂಬರಿನಲ್ಲಿ ಓಡಾಟ ಆರಂಭಿಸಿದ ‘ಮಾಯಾ ರೈಲಿ’ನ ಒಂದು ಭಾಗಕ್ಕಾಗಿ ಗುಹೆಗಳೊಳಗೇ ಉಕ್ಕು-ಕಾಂಕ್ರೀಟಿನ ಕಂಬಗಳನ್ನು ಇಳಿಸಿದಾಗ, ಆ ಗುಹೆಗಳಲ್ಲಿ ಈಜಿ ನಕ್ಷೆ ತಯಾರಿಸುವವರು ಪ್ರತಿಭಟಿಸಿದ್ದು ಈ ನೀರಿನ ಸಲುವಾಗಿಯೇ.