ಬಾಲಿ ಡೇ ಟ್ರಿಪ್ ಬುಕ್ ಮಾಡೋ ಮುಂಚೆ ನೀರಿನ ದಾರಿ ನೋಡ್ಕೊಳಿ

1/8
ಫ್ರೆಂಡ್ಸ್, ಎಕ್ಸಾಮ್ ಮುಗಿಯೋ ಟೈಮ್ ಬಂತು ಅಂದ್ರೆ ನನ್ನ ಇನ್‌ಬಾಕ್ಸ್‌ಗೆ ಒಂದೇ ಪ್ರಶ್ನೆ: "ಬಾಲಿಗೆ ಹೋಗ್ತಿದೀವಿ, ಉಬುದ್ ಕಡೆ ಡೇ ಟ್ರಿಪ್ ತಗೋಬಹುದಾ?" 2024ರಲ್ಲಿ ಬೆಂಗಳೂರಿಂದ ನೇರ ವಿಮಾನ ಶುರುವಾದ ಮೇಲಂತೂ ಕ್ಲಾಸಲ್ಲಿ ಒಬ್ಬರಾದ್ರೂ ಬಾಲಿಗೆ ಹೋಗಿಬಂದಿರ್ತಾರೆ.

ನೀವು ನೋಡಿರೋ ಪ್ಯಾಕೇಜ್ ಹೆಚ್ಚುಕಮ್ಮಿ ಹೀಗಿರುತ್ತೆ. ಬೆಳಗ್ಗೆ ಹೋಟೆಲಿಂದ ಪಿಕಪ್, ತೀರ್ಥ ಎಂಪುಲ್ ದೇವಸ್ಥಾನ, ಆಮೇಲೆ ತೆಗಲಾಲಂಗ್ ಮೆಟ್ಟಿಲು ಗದ್ದೆ, ಅಲ್ಲೇ ಉಯ್ಯಾಲೆಯಲ್ಲಿ ಫೋಟೋ, ನಡುವೆ ಒಂದು ಕಾಫಿ ಅಂಗಡಿ, ಸಂಜೆ ತೆಗೆನುಂಗನ್ ಜಲಪಾತ, ರಾತ್ರಿ ವಾಪಸ್. ಒಂದೊಂದು ಕಡೆ ಒಂದು ಗಂಟೆ. ಟಿಕ್ ಟಿಕ್ ಟಿಕ್, ಮುಗೀತು.

ಹೋಗಬೇಡಿ ಅಂತ ನಾನು ಹೇಳಲ್ಲ. ಖಂಡಿತ ಹೋಗಿ. ಆದ್ರೆ ಈ ಟೂರ್ ಮಾರೋ ರೀತಿ ಬಗ್ಗೆ ನನಗೆ ತಕರಾರಿದೆ. ದೇವಸ್ಥಾನ, ಗದ್ದೆ, ಜಲಪಾತ ಅಂತ ಮೂರು ತುಂಡು ಮಾಡಿ ಮಾರ್ತಾರೆ. ಈ ಮೂರನ್ನೂ ಜೋಡಿಸೋದು ನೀರು. ಅದನ್ನ ತಿಳ್ಕೊಂಡು ಹೋದ್ರೆ ನಿಮ್ಮ ದಿನವೂ ಬದಲಾಗುತ್ತೆ, ನಿಮ್ಮ ದುಡ್ಡು ಹೋಗೋ ಜಾಗವೂ ಬದಲಾಗುತ್ತೆ. ಸ್ವಲ್ಪ ಉದ್ದ ಇದೆ, ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.

2/8
ಮೊದಲು ದೇವಸ್ಥಾನ. "ತೀರ್ಥ ಎಂಪುಲ್" ಅನ್ನೋ ಹೆಸರಲ್ಲಿರೋ ತೀರ್ಥ ನಮ್ಮದೇ ತೀರ್ಥ. ನಮ್ಮ ದೇವಸ್ಥಾನದಲ್ಲಿ ಭಟ್ಟರು ಉದ್ಧರಣೆಯಲ್ಲಿ ಕೈಗೆ ಹಾಕ್ತಾರಲ್ಲ, ಅದೇ ಪದ. ಬಾಲಿಯ ಹಿಂದೂ ಆಚರಣೆಯಲ್ಲಿ ತೀರ್ಥದ ಪಾತ್ರ ಎಷ್ಟು ದೊಡ್ಡದು ಅಂದ್ರೆ, ಅಲ್ಲಿನ ಧರ್ಮಕ್ಕೆ "ಆಗಮ ತೀರ್ಥ" ಅಂತಲೇ ಒಂದು ಹೆಸರಿದೆ.

ಈ ದೇವಸ್ಥಾನ ಕ್ರಿ.ಶ. 962ರ ಸುಮಾರಿಗೆ ಶುರುವಾಯ್ತು ಅಂತ ಹೇಳ್ತಾರೆ. ಒಳಗೆ ನೆಲದಿಂದಲೇ ನೀರು ಉಕ್ಕುತ್ತೆ. ಆ ಬುಗ್ಗೆಯ ನೀರು ಕಲ್ಲಿನ ಧಾರೆಗಳಿಂದ ಕೊಳಕ್ಕೆ ಬೀಳುತ್ತೆ, ಭಕ್ತರು ಒಂದೊಂದೇ ಧಾರೆಗೆ ತಲೆಯೊಡ್ಡಿ ಮುಂದೆ ಹೋಗ್ತಾರೆ. ಎಡದಿಂದ ಬಲಕ್ಕೆ ಸರದಿ. ಅದರಲ್ಲಿ ಎರಡು ಧಾರೆ ಸತ್ತವರ ಸಂಸ್ಕಾರಕ್ಕೆ ಮೀಸಲು, ಅವಕ್ಕೆ ತಲೆ ಕೊಡಬಾರದು. ಗೈಡ್ ಹೇಳ್ದೇ ಇದ್ರೆ ನೀವೇ ಕೇಳಿ.

ಟೂರ್ ಬ್ರೋಷರ್‌ನಲ್ಲಿ ಇದು "ಪವಿತ್ರ ಸ್ನಾನದ ಅನುಭವ". ಅಷ್ಟಕ್ಕೇ ಕಥೆ ನಿಲ್ಲಿಸಿಬಿಡ್ತಾರೆ. ಕೊಳದಿಂದ ಹೊರಟ ಆ ನೀರು ಎಲ್ಲಿಗೆ ಹೋಗುತ್ತೆ ಅಂತ ಯಾರೂ ಹೇಳಲ್ಲ. ಅದು ಕೆಳಗಿನ ಗದ್ದೆಗಳಿಗೆ ಹೋಗುತ್ತೆ, ಪಕೆರಿಸಾನ್ ನದಿಗೂ ಸೇರುತ್ತೆ. ಪಕ್ಕದ ಪುಲಗನ್ ಅನ್ನೋ ರೈತರ ಗುಂಪು ಸಾವಿರ ವರ್ಷದ ಹಳೇ ದೇವಸ್ಥಾನದ ಇದೇ ನೀರಲ್ಲಿ ಇವತ್ತಿಗೂ ಭತ್ತ ಬೆಳೆಯುತ್ತೆ. ಅಂದ್ರೆ ನೀವು ಸೆಲ್ಫಿಗೆ ಕ್ಯೂ ನಿಂತಿರೋ ಆ ಕೊಳದ ನೀರು ಯಾರದೋ ಊಟದ ನೀರು. ಸೋಪು, ಸನ್‌ಸ್ಕ್ರೀನ್ ಹಚ್ಚಿಕೊಂಡು ಅದರೊಳಗೆ ಇಳಿಯೋ ಮುಂಚೆ ಇಷ್ಟು ನೆನಪಿರಲಿ.

3/8
ಈಗ ಗದ್ದೆ. ಗದ್ದೆ ಒಬ್ಬೊಬ್ಬರದು, ನೀರು ಮಾತ್ರ ಎಲ್ಲರದು. ಬಾಲಿಯಲ್ಲಿ ಒಂದೇ ಕಾಲುವೆಯ ನೀರು ಬಳಸೋ ರೈತರೆಲ್ಲ ಸೇರಿ ಮಾಡ್ಕೊಂಡಿರೋ ಸಂಘಕ್ಕೆ "ಸುಬಕ್" ಅಂತಾರೆ. ಅದರ ಮುಖ್ಯಸ್ಥ "ಪಕಾಸೆ". ನಮ್ಮ ಹಳೇ ಮೈಸೂರು ಕಡೆ ಕೆರೆ ತೂಬು ನೋಡ್ಕೊಂಡು ಯಾರ ಗದ್ದೆಗೆ ಯಾವಾಗ ನೀರು ಅಂತ ಬಿಡ್ತಿದ್ದ ನೀರಗಂಟಿ ನೆನಪಿದ್ದಾರಾ? ನಿಮಗೆ ಗೊತ್ತಿಲ್ದಿದ್ರೆ ನಿಮ್ಮ ತಾತನ್ನ ಕೇಳಿ, ಹೇಳ್ತಾರೆ. ಹೆಚ್ಚುಕಮ್ಮಿ ಅದೇ ಕೆಲಸ. ಆದ್ರೆ ಇಲ್ಲಿ ಅದಕ್ಕೊಂದು ಸಭೆ ಇದೆ, ನಿಯಮ ಇದೆ, ತಪ್ಪಿದವರಿಗೆ ದಂಡ ಇದೆ, ಜೊತೆಗೆ ದೇವಸ್ಥಾನ ಇದೆ.

ಕಾಲುವೆ ಕವಲೊಡೆಯೋ ಕಡೆ ಗುಡಿ, ಗದ್ದೆ ಮೂಲೆಯಲ್ಲಿ ಪುಟ್ಟ ಗುಡಿ, ಎಲ್ಲಕ್ಕಿಂತ ಮೇಲೆ ಬಾತುರ್ ಸರೋವರದ ಹತ್ತಿರದ ದೊಡ್ಡ ಗುಡಿ ಪುರ ಉಲುನ್ ದಾನು ಬಾತುರ್. ಯಾವಾಗ ನಾಟಿ, ಯಾವಾಗ ಗದ್ದೆ ಒಣಗಲು ಬಿಡಬೇಕು ಅನ್ನೋ ಮಾತುಕತೆ ಈ ಗುಡಿಗಳ ಸುತ್ತಲೇ ನಡೆಯುತ್ತೆ. ಪೂಜೆಗಳಿಗೆ 210 ದಿನದ ಬೇರೆಯದೇ ಪಂಚಾಂಗ. ಭತ್ತದ ದೇವಿಯ ಹೆಸರು ದೇವಿ ಶ್ರೀ. ಪರಿಚಯ ಮಾಡ್ಕೊಡೋ ಅಗತ್ಯವೇ ಇಲ್ಲ ಅಲ್ವಾ?

2012ರಲ್ಲಿ ಯುನೆಸ್ಕೋ ಈ ಸುಬಕ್ ವ್ಯವಸ್ಥೆಯನ್ನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸ್ತು. ಪಕೆರಿಸಾನ್ ಕಣಿವೆ ಅದರಲ್ಲಿದೆ, ಜತಿಲುವಿ ಗದ್ದೆಗಳಿವೆ. ಎಲ್ಲರ ರೀಲ್ಸಲ್ಲಿ ಬರೋ ತೆಗಲಾಲಂಗ್ ಆ ಪಟ್ಟಿಯಲ್ಲಿಲ್ಲ. ಪ್ಯಾಕೇಜಲ್ಲಿ "ಯುನೆಸ್ಕೋ ಗದ್ದೆ" ಅಂತ ಬರೆದು ತೆಗಲಾಲಂಗ್ ಫೋಟೋ ಹಾಕಿದ್ರೆ ಅಲ್ಲೇ ಒಂದು ಪ್ರಶ್ನೆ ಕೇಳಿ.

4/8
ಈ ಭಾಗ ನನ್ನ ಫೇವರಿಟ್. ಸ್ವಲ್ಪ ಯೋಚನೆ ಮಾಡಿ: ನದಿ ಮೇಲ್ಭಾಗದ ರೈತನಿಗೆ ನೀರು ಮೊದಲು ಸಿಗುತ್ತೆ. ಅವನು ಯಾಕೆ ಕೆಳಗಿನವನಿಗೆ ಬಿಡಬೇಕು? ಕಾವೇರಿಯಿಂದ ತುಂಗಭದ್ರಾವರೆಗೆ ನಮ್ಮ ನಾಲೆಗಳ ಕೊನೇ ಭಾಗದ ರೈತರು ಪ್ರತಿ ವರ್ಷ ಕೇಳೋ ಪ್ರಶ್ನೆಯೇ ಇದು.

ಬಾಲಿಯಲ್ಲಿ ಉತ್ತರ ಕೊಡೋದು ಹುಳ ಮತ್ತೆ ಇಲಿ. ಅಕ್ಕಪಕ್ಕದ ಗದ್ದೆಗಳಲ್ಲಿ ಬೇರೆ ಬೇರೆ ಟೈಮಲ್ಲಿ ಪೈರು ಇದ್ರೆ ಜಿಗಿಹುಳು, ಇಲಿ ಇವತ್ತು ಇಲ್ಲಿ ಊಟ ಮಾಡಿ ನಾಳೆ ಅಲ್ಲಿಗೆ ಹೋಗ್ತವೆ. ಅವುಗಳಿಗೆ ವರ್ಷಪೂರ್ತಿ ಹಬ್ಬ. ಇಡೀ ಬಯಲು ಒಟ್ಟಿಗೆ ನಾಟಿ ಮಾಡಿ, ಒಟ್ಟಿಗೆ ಕೊಯ್ದು, ಒಟ್ಟಿಗೆ ಖಾಲಿ ಬಿಟ್ಟರೆ ಅವುಗಳಿಗೆ ತಿನ್ನೋಕೆ ಏನೂ ಸಿಗಲ್ಲ. ಆದ್ರೆ ಒಟ್ಟಿಗೆ ನಾಟಿ ಮಾಡಬೇಕು ಅಂದ್ರೆ ಕೆಳಗಿನವನಿಗೂ ಅದೇ ಟೈಮಿಗೆ ನೀರು ಬೇಕು. ಹಾಗಾಗಿ ಮೇಲಿನವನು ನೀರು ಹಂಚ್ಕೋತಾನೆ, ಕೆಳಗಿನವನು ಅವನ ಜೊತೆ ಬೆಳೆ ಟೈಮ್ ಹೊಂದಿಸ್ಕೋತಾನೆ. ಇಬ್ಬರಿಗೂ ಲಾಭ.

ಈಗ ಆನ್‌ಲೈನ್ ರಿವ್ಯೂಗಳನ್ನ ನೋಡಿ. "ನಾವು ಹೋದಾಗ ಗದ್ದೆ ಹಸಿರಾಗಿರಲಿಲ್ಲ, ಬರೀ ಕೆಸರು, ದುಡ್ಡು ದಂಡ" ಅಂತ ಒಂದು ಸ್ಟಾರ್ ಕೊಟ್ಟಿರ್ತಾರೆ. ಅಯ್ಯೋ, ಆ ಖಾಲಿ ಗದ್ದೆಯಲ್ಲೇ ವ್ಯವಸ್ಥೆಯ ಬುದ್ಧಿ ಇರೋದು! ನಿಮ್ಮ ಟ್ರಿಪ್ ದಿನ ಗದ್ದೆ ಕಂದು ಬಣ್ಣದಲ್ಲಿದ್ರೆ ಬೇಜಾರು ಮಾಡ್ಕೋಬೇಡಿ, ಒಂದು ಊರೇ ಸೇರಿ ತಗೊಂಡ ತೀರ್ಮಾನ ನಿಮ್ಮ ಕಣ್ಣೆದುರಿದೆ ಅಂತ ತಿಳ್ಕೊಳಿ.

5/8
"ಇದೆಲ್ಲ ಹಳೇ ನಂಬಿಕೆ, ಸೈನ್ಸ್ ಅಲ್ಲ" ಅನ್ನೋರಿಗೆ ಈ ಭಾಗ.

1970ರ ದಶಕದಲ್ಲಿ ಹಸಿರು ಕ್ರಾಂತಿ ಬಾಲಿಗೂ ಬಂತು. ಹೊಸ ತಳಿ, ರಾಸಾಯನಿಕ ಗೊಬ್ಬರ, ಕೀಟನಾಶಕ. ಗುಡಿ ಪಂಚಾಂಗ ಬಿಡಿ, ಎಷ್ಟು ಸಲ ಆಗುತ್ತೋ ಅಷ್ಟು ಸಲ ನಾಟಿ ಮಾಡಿ ಅಂತ ರೈತರ ಮೇಲೆ ಒತ್ತಡ ಹಾಕಿದ್ರು. ಶುರುವಿನಲ್ಲಿ ಇಳುವರಿ ಏರ್ತು. ಆಮೇಲೆ ಯಾರಿಗೆ ಯಾವಾಗ ನೀರು ಅನ್ನೋ ಲೆಕ್ಕ ತಪ್ಪಿತು, ಕಂದು ಜಿಗಿಹುಳು ಮತ್ತೆ ರೋಗ ಮಿತಿಮೀರಿದ್ವು. ಹೊಡೆದ ಔಷಧಿ ಕೆಲಸ ಮಾಡಲಿಲ್ಲ.

ಸ್ಟೀಫನ್ ಲ್ಯಾನ್ಸಿಂಗ್ ಅನ್ನೋ ಮಾನವಶಾಸ್ತ್ರಜ್ಞ, ಜೇಮ್ಸ್ ಕ್ರೆಮರ್ ಅನ್ನೋ ಪರಿಸರ ವಿಜ್ಞಾನಿ ಜೊತೆ ಸೇರಿ ಊಸ್ ಮತ್ತು ಪೆತಾನು ಅನ್ನೋ ಎರಡು ನದಿಗಳ 172 ಸುಬಕ್‌ಗಳನ್ನ ಕಂಪ್ಯೂಟರ್ ಮಾಡೆಲ್‌ಗೆ ಹಾಕಿದ್ರು. ಪ್ರತಿಯೊಬ್ಬರೂ ಅವರವರ ಇಷ್ಟದಂತೆ ನಾಟಿ ಮಾಡಿದ್ರೆ ಏನಾಗುತ್ತೆ? ಎಲ್ಲರೂ ಒಂದೇ ದಿನ ಮಾಡಿದ್ರೆ? ಮೊದಲನೇದರಲ್ಲಿ ಹುಳದ ಕಾಟ, ಎರಡನೇದರಲ್ಲಿ ನೀರಿನ ಬರ. ಎರಡರ ನಡುವೆ ನೀರಿನ ಗುಡಿಗಳು ಹಾಕ್ಕೊಂಡಿದ್ದ ಗುಂಪುಗಳ ಲೆಕ್ಕದಲ್ಲೇ ಇಳುವರಿ ಚೆನ್ನಾಗಿ ಬಂತು. 1991ರಲ್ಲಿ ಲ್ಯಾನ್ಸಿಂಗ್ ಇದರ ಬಗ್ಗೆ ಪುಸ್ತಕವನ್ನೂ ತಂದ್ರು. ಇಂಜಿನಿಯರಿಂಗ್ ಓದ್ತಿರೋ ನನ್ನ ಫ್ರೆಂಡ್ಸ್ ಗಮನಿಸಿ: ಕಾಗದದ ಮೇಲೆ ಫಾರ್ಮುಲಾ ಇಲ್ಲದ ವ್ಯವಸ್ಥೆಯನ್ನ "ಮೂಢನಂಬಿಕೆ" ಅಂತ ಬದಿಗಿಡೋ ಮುಂಚೆ ಅದು ಏನು ಕೆಲಸ ಮಾಡ್ತಿದೆ ಅಂತ ಅಳೆದು ನೋಡಬೇಕು.

6/8
ಜಲಪಾತಕ್ಕೆ ಬರೋಣ. ತೆಗೆನುಂಗನ್ ಬೀಳೋದು ಯಾವ ನದಿಯಲ್ಲಿ ಗೊತ್ತಾ? ಅದೇ ಪೆತಾನು! ಮೇಲೆ ಹೇಳಿದ ಕಂಪ್ಯೂಟರ್ ಮಾಡೆಲ್‌ನ ನದಿ.

ಕಥೆಯೂ ಇದೆ. ಮಾಯಾದೆನಾವ ಅನ್ನೋ ದುರಹಂಕಾರಿ ರಾಜ ದೇವರ ಪೂಜೆ ನಿಲ್ಲಿಸಿದ. ಇಂದ್ರ ಸೈನ್ಯ ತಗೊಂಡು ಬಂದ. ರಾಜ ನೀರಿಗೆ ವಿಷ ಬೆರೆಸಿ ಇಂದ್ರನ ಸೈನಿಕರನ್ನ ಕೆಡವಿದ. ಇಂದ್ರ ನೆಲಕ್ಕೆ ಚುಚ್ಚಿ ಬುಗ್ಗೆ ಎಬ್ಬಿಸಿ ಅವರನ್ನ ಬದುಕಿಸಿದ, ಅದೇ ತೀರ್ಥ ಎಂಪುಲ್. ಕೊನೆಗೆ ಸತ್ತ ರಾಜನ ರಕ್ತ ಹರಿದು ಪೆತಾನು ನದಿ ಆಯ್ತು. ಅಂದ್ರೆ ಬೆಳಗ್ಗೆ ನೋಡಿದ ಬುಗ್ಗೆ, ಸಂಜೆ ನೋಡಿದ ಜಲಪಾತ ಎರಡೂ ಒಂದೇ ಕಥೆಯ ಶುರು ಮತ್ತೆ ಕೊನೆ. ಎಷ್ಟು ಗೈಡ್‌ಗಳು ಇದನ್ನ ಜೋಡಿಸಿ ಹೇಳ್ತಾರೆ? ಕೇಳಿದ್ರೆ ಖುಷಿಯಿಂದ ಹೇಳ್ತಾರೆ, ಆದ್ರೆ ನಾವು ಕೇಳೋದು "ಅಣ್ಣಾ, ಫೋಟೋ ಎಲ್ಲಿ ಚೆನ್ನಾಗಿ ಬರುತ್ತೆ?" ಅಂತ.

ಇನ್ನೊಂದು ವಿಷಯ. ಜ್ವಾಲಾಮುಖಿಯ ಮೆತ್ತನೆ ಕಲ್ಲನ್ನ ಕೊರೆದು ಬಾಲಿಯ ನದಿಗಳು ಆಳದ ಕಮರಿಯಲ್ಲಿ ಹರೀತವೆ. ಹಾಗಾಗಿ ಜಲಪಾತ ನೋಡೋಕೆ ಅಷ್ಟೊಂದು ಮೆಟ್ಟಿಲು ಇಳೀಬೇಕು. ಗದ್ದೆ ಇರೋದು ಮೇಲೆ, ನೀರು ಇರೋದು ಕೆಳಗೆ. ಪಂಪ್ ಇಲ್ಲದ ಕಾಲದಲ್ಲಿ ಏನ್ ಮಾಡಿದ್ರು? ನದಿಯ ಇನ್ನೂ ಮೇಲ್ಭಾಗದಲ್ಲಿ ಒಡ್ಡು ಕಟ್ಟಿ, ಗುಡ್ಡದೊಳಗೆ ಕೈಯಿಂದಲೇ ಸುರಂಗ ತೋಡಿ ನೀರನ್ನ ಗದ್ದೆಗೆ ತಿರುಗಿಸಿದ್ರು. ಸುರಂಗ ತೋಡುವವರ ಹೆಸರು ಬಾಲಿಯ 9ನೇ ಶತಮಾನದ ಶಾಸನದಲ್ಲೇ ಬರುತ್ತೆ. ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುತ್ತಲ್ಲ, ಆಗ ಅವರನ್ನ ನೆನೆಸ್ಕೊಳಿ.

7/8
ಇಷ್ಟೆಲ್ಲ ಈಗ ಯಾಕೆ ಹೇಳ್ತಿದೀನಿ? ಯಾಕಂದ್ರೆ ಇದು ಕರಗ್ತಾ ಇದೆ, ಅದರಲ್ಲಿ ನಮ್ಮ ಪಾಲೂ ಇದೆ.

2024ರಲ್ಲಿ ಬಾಲಿಗೆ ಬಂದ ವಿದೇಶಿಯರು 60 ಲಕ್ಷಕ್ಕೂ ಹೆಚ್ಚು. ದ್ವೀಪದ ಜನಸಂಖ್ಯೆ ಸುಮಾರು 44 ಲಕ್ಷ. ಬಂದವರಲ್ಲಿ ಆಸ್ಟ್ರೇಲಿಯಾದವರ ನಂತರ ಎರಡನೇ ಸ್ಥಾನ ಭಾರತೀಯರದು. ಇವರಿಗೆಲ್ಲ ರೂಮ್ ಬೇಕು, ಪೂಲ್ ಬೇಕು, "ಗದ್ದೆ ಕಾಣೋ" ಕೆಫೆ ಬೇಕು. ಆ ಕೆಫೆ ಎದ್ದು ನಿಲ್ಲೋದು ಇನ್ನೊಂದು ಗದ್ದೆಯ ಮೇಲೆ. ಗದ್ದೆ ಕಾಣಿಸೋಕೆ ಗದ್ದೆ ಮುಚ್ಚೋದು!

ಮೆಟ್ಟಿಲು ಗದ್ದೆ ಮಳೆ ನೀರನ್ನ ಹಿಡಿದು ನಿಧಾನಕ್ಕೆ ಕೆಳಗೆ ಬಿಡುತ್ತೆ. ಕಾಂಕ್ರೀಟ್ ಹಾಗೆ ಮಾಡಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಾಲಿಯಲ್ಲಿ ದೊಡ್ಡ ಪ್ರವಾಹ ಬಂದು ಹತ್ತಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಕೃಷಿ ಭೂಮಿಯಲ್ಲಿ ಹೊಸ ಹೋಟೆಲ್, ರೆಸ್ಟೋರೆಂಟ್ ಕಟ್ಟೋದಕ್ಕೆ ತಡೆ ಹಾಕ್ತೀವಿ ಅಂತ ಅಲ್ಲಿನ ಆಡಳಿತವೇ ಹೇಳಬೇಕಾಯ್ತು.

"ಟೂರಿಸಂ ಇಲ್ದಿದ್ರೆ ಅವರಿಗೆ ಊಟ ಎಲ್ಲಿಂದ?" ಅಂತ ಕಾಮೆಂಟ್ ಬರುತ್ತೆ, ಗೊತ್ತು. ಸರಿಯಾದ ಪ್ರಶ್ನೆಯೇ. ಬಾಲಿಯ ಎಷ್ಟೋ ಮನೆಗಳು ಇದರಿಂದಲೇ ನಡೀತಿವೆ, ಅಲ್ಲಿನ ಹುಡುಗರೂ ನಮ್ಮ ಥರಾನೇ ಕೆಸರಿಗಿಂತ ಸಂಬಳ ಬೇಕು ಅಂತಾರೆ. ನನ್ನ ಪ್ರಶ್ನೆ ಇಷ್ಟೇ: ದುಡ್ಡು ಯಾರ ಕೈಗೆ ಹೋಗ್ತಿದೆ? ಉಯ್ಯಾಲೆಗೆ ನಾವು ಮರುಮಾತಿಲ್ಲದೆ ಕೊಡ್ತೀವಿ. ಅದೇ ಗದ್ದೆ ಬದುವಿನ ಮೇಲೆ ರೈತ ಒಂದು ಡಬ್ಬಿ ಇಟ್ಕೊಂಡು ಕಾಣಿಕೆ ಕೇಳಿದ್ರೆ "ಸ್ಕ್ಯಾಮ್" ಅಂತ ರೀಲ್ ಮಾಡ್ತೀವಿ. ಆ ಬದು ಅವನದು. ಸಾವಿರ ಜನ ತುಳಿದು ಕುಸಿದ್ರೆ ಕಟ್ಟೋನೂ ಅವನೇ. ನಾವು ನೋಡೋಕೆ ಬಂದ ಹಸಿರನ್ನ ಬೆಳೆದವನೂ ಅವನೇ. ಡಬ್ಬಿಗೆ ದುಡ್ಡು ಹಾಕೋಣ, ಬಾಯಿ ಮುಚ್ಕೊಂಡು.

8/8
ಸರಿ, ನನ್ನ ಪ್ರಕಾರ ಡೇ ಟ್ರಿಪ್ ಹೀಗಿರಲಿ:

👉 ಐದು ಸ್ಪಾಟ್ ಬಿಡಿ, ಒಂದು ನದಿ ಹಿಡೀರಿ. ಬೆಳಗ್ಗೆ ಬೇಗ ತೀರ್ಥ ಎಂಪುಲ್. ಅಲ್ಲಿಂದ ಗಾಡಿಯಲ್ಲಿ ಕೆಲವೇ ನಿಮಿಷಕ್ಕೆ ಗುನುಂಗ್ ಕಾವಿ. 11ನೇ ಶತಮಾನದಲ್ಲಿ ಬಂಡೆ ಕೊರೆದು ಮಾಡಿದ, ಸುಮಾರು 7 ಮೀಟರ್ ಎತ್ತರದ ಹತ್ತು ಸ್ಮಾರಕಗಳು. ಅದೇ ಪಕೆರಿಸಾನ್ ನದಿಯ ಎರಡೂ ದಡದಲ್ಲಿವೆ. ಇಳಿಯೋ ಮೆಟ್ಟಿಲ ಪಕ್ಕದಲ್ಲೇ ಗದ್ದೆಗಳು. ದೇವಸ್ಥಾನ, ಗದ್ದೆ, ಹರಿಯೋ ನೀರು ಮೂರೂ ಒಂದೇ ಕಡೆ ಸಿಕ್ಕಿತಲ್ಲ!

👉 ಜಲಪಾತ ಬೇಕೇ ಬೇಕು ಅಂದ್ರೆ ಕೊನೆಗೆ ಒಂದೇ ಒಂದು. ಮಳೆಗಾಲದಲ್ಲಿ ನೀರು ಕೆಂಪಗಿದ್ರೆ ಇಳೀಬೇಡಿ, ಅಲ್ಲಿನವರು ಬೇಡ ಅಂದ್ರೆ ವಾದ ಮಾಡಬೇಡಿ.

👉 ಗೈಡ್ ರೇಟನ್ನ ಹಿಂಡಿ ಇಳಿಸಬೇಡಿ. ಕಡಿಮೆ ದುಡ್ಡಿಗೆ ಒಪ್ಕೊಂಡವರು ಅದನ್ನ ಅಂಗಡಿ ಕಮಿಷನ್‌ನಲ್ಲಿ ಸರಿದೂಗಿಸಬೇಕಾಗುತ್ತೆ. ಅದಕ್ಕೇ ಆ ಕಾಫಿ ಅಂಗಡಿ ಸ್ಟಾಪ್. ಲುವಾಕ್ ಕಾಫಿ ಹೆಸರಲ್ಲಿ ಪುನುಗು ಬೆಕ್ಕುಗಳನ್ನ ಬೋನಲ್ಲಿ ಇಟ್ಟಿರೋ ಜಾಗಗಳು ಬೇಕಾದಷ್ಟಿವೆ. ಒಳ್ಳೇ ರೇಟ್ ಕೊಟ್ಟು, "ಅಂಗಡಿ ಬೇಡ, ಆ ಟೈಮಲ್ಲಿ ಗದ್ದೆ ತೋರಿಸಿ" ಅನ್ನಿ.

👉 ಮೂರು ಪ್ರಶ್ನೆ ಕೇಳಿ: ಈ ನೀರು ಎಲ್ಲಿಂದ ಬರ್ತಿದೆ? ಇಲ್ಲಿಂದ ಯಾರಿಗೆ ಹೋಗುತ್ತೆ? ಈ ಸುಬಕ್‌ನ ಪಕಾಸೆ ಯಾರು? ಗೈಡ್‌ಗಳಲ್ಲಿ ಎಷ್ಟೋ ಜನ ರೈತರ ಮಕ್ಕಳೇ. ಮುಖ ಅರಳೋದು ನೋಡಿ.

👉 ಸೊಂಟಕ್ಕೆ ಸರೋಂಗ್, ಮೇಲೆ ಶಾಲು ಕಟ್ಕೊಳಿ, ಬದುವಿನ ಮೇಲೆ ಸಾಲಾಗಿ ನಡೀರಿ, ಪೈರಿನೊಳಗೆ ಕಾಲಿಡಬೇಡಿ.

ಹೋಗಿಬಂದವರು ಕಾಮೆಂಟಲ್ಲಿ ಫೋಟೋ ಸ್ಪಾಟ್ ಬದಲು ನಿಮ್ಮ ಗೈಡ್ ಹೇಳಿದ ಒಂದು ನೀರಿನ ಕಥೆ ಬರೀರಿ. ಹೋಗೋಕೆ ಆಗದವರು ನಿಮ್ಮೂರ ಕೆರೆಯ ತೂಬು ಯಾರ ಕೈಯಲ್ಲಿತ್ತು ಅಂತ ಮನೇಲಿ ಕೇಳಿ ಬರೀರಿ. ಎರಡನ್ನೂ ಓದೋಕೆ ಕಾಯ್ತಿರ್ತೀನಿ.

#ಬಾಲಿ #ಸುಬಕ್ #ಕನ್ನಡಟ್ರಾವೆಲ್ #ನೀರಿನದಾರಿ