ಕಾಲ್ಚೆಂಡಾಟದವರೂ ಬಿಳಿಯ ಗರಿಯೂ

ದೇಶಕ್ಕೆ ಯುದ್ಧವು ಬಂದೊಡನೆ ಮೊದಲು ಜನರ ಕಣ್ಣಿಗೆ ಬೀಳುವವರು ಆಟಗಾರರು. ಕಟ್ಟುಮಸ್ತಾದ ದೇಹ, ಇಪ್ಪತ್ತರ ಆಚೀಚಿನ ವಯಸ್ಸು, ವಾರಕ್ಕೊಮ್ಮೆ ಸಾವಿರಾರು ಜನರ ಎದುರಿನಲ್ಲಿ ಓಟ ಜಿಗಿತ. ಇಷ್ಟೆಲ್ಲ ಇರುವವನು ದಂಡಿಗೆ ಏಕೆ ಸೇರಬಾರದೆಂದು ಕೇಳುವುದು ಬಹಳ ಸುಲಭ. ಹಾಗೆ ಕೇಳುವವರಾದರೋ ಬಹುಮಟ್ಟಿಗೆ ತಾವೇ ಹೋಗಬೇಕಾದ ವಯಸ್ಸನ್ನು ಕ್ಷೇಮವಾಗಿ ದಾಟಿದವರಾಗಿರುತ್ತಾರೆ. 1914ನೆಯ ಇಸವಿಯಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಒಂದು ಕಾಲ್ಚೆಂಡಾಟದ ಕ್ಲಬ್ಬಿಗೆ ಒದಗಿದ ಗತಿಯನ್ನು ಈ ದಿನ ವಾಚಕರ ಮುಂದಿಡುತ್ತೇವೆ. ಆಟದ ಸುದ್ದಿಗೆ ಸಂಪಾದಕೀಯದಲ್ಲಿ ಏನು ಕೆಲಸವೆಂದು ಕೆಲವರು ಹುಬ್ಬೇರಿಸಬಹುದು. ಅಂಥವರು ಕೊನೆಯವರೆಗೂ ಓದಿ ಆಮೇಲೆ ನಿರ್ಣಯಿಸಲಿ.

ಆ ಕ್ಲಬ್ಬಿನ ಹೆಸರು ಹಾರ್ಟ್ ಆಫ್ ಮಿಡ್‌ಲೋಥಿಯನ್. ಊರಿನವರು ಅದನ್ನು ಚಿಕ್ಕದಾಗಿ ಹಾರ್ಟ್ಸ್ ಎನ್ನುತ್ತಾರೆ. 1874ರಲ್ಲಿ ಹುಟ್ಟಿದ ಸಂಸ್ಥೆ. 1914ರ ಆಗಸ್ಟ್ 4ರಂದು ಬ್ರಿಟನ್ ಜರ್ಮನಿಯ ಮೇಲೆ ಯುದ್ಧವನ್ನು ಸಾರಿತು. ಅದೇ ತಿಂಗಳ 15ರಂದು ಹಾರ್ಟ್ಸ್ ತಂಡವು ಗ್ಲಾಸ್ಗೋ ನಗರದ ಬಲಿಷ್ಠವಾದ ಸೆಲ್ಟಿಕ್ ತಂಡವನ್ನು ಎರಡು ಗೋಲುಗಳಿಂದ ಸೋಲಿಸಿ ಆ ಸಾಲಿನ ಲೀಗ್ ಪಂದ್ಯಗಳನ್ನು ಆರಂಭಿಸಿತು. ಮೊದಲ ಎಂಟು ಪಂದ್ಯಗಳಲ್ಲಿ ಎಂಟನ್ನೂ ಗೆದ್ದಿತು. ಅಂಥಾ ತಂಡವು ಆ ಊರಿನಲ್ಲಿ ಬಹುಕಾಲದಿಂದ ಕೂಡಿರಲಿಲ್ಲ.

ಆದರೆ ಗೆಲವು ಹೆಚ್ಚಿದಂತೆ ಬೈಗಳೂ ಹೆಚ್ಚಿದುವು. ಯುವಕರು ಫ್ರಾನ್ಸಿನಲ್ಲಿ ಸಾಯುತ್ತಿರುವಾಗ ಇವರು ಸಂಬಳ ತೆಗೆದುಕೊಂಡು ಚೆಂಡನ್ನು ಒದೆಯುತ್ತಿದ್ದಾರೆಂದು ಪತ್ರಿಕೆಗಳು ಬರೆದುವು. ಚಾರಿಂಗ್‌ಟನ್ ಎಂಬ ಪಾನನಿರೋಧಕ ಮಹನೀಯರೊಬ್ಬರು ಕಾಲ್ಚೆಂಡಾಟವನ್ನೇ ನಿಲ್ಲಿಸಬೇಕೆಂದು ದೊಡ್ಡ ಚಳವಳಿಯನ್ನು ಹೂಡಿದರು. ನವೆಂಬರ್ ತಿಂಗಳಲ್ಲಿ ಎಡಿನ್‌ಬರೋ ನಗರದ ಸಂಜೆಪತ್ರಿಕೆಯೊಂದಕ್ಕೆ, ಸಿಪಾಯಿಯ ಮಗಳೆಂದು ರುಜು ಹಾಕಿದ ಒಂದು ಕಾಗದವು ಬಂದಿತು. ಈ ಕ್ಲಬ್ಬು ತನ್ನ ಹೆಸರಿನಲ್ಲಿರುವ ಹೃದಯವೆಂಬ ಮಾತನ್ನು ತೆಗೆದು ಬಿಳಿಯ ಗರಿಗಳೆಂದು ಇಟ್ಟುಕೊಳ್ಳಲೆಂಬುದು ಅದರ ತಾತ್ಪರ್ಯ. ಬಿಳಿಯ ಗರಿಯನ್ನು ಕೊಡುವುದೆಂದರೆ ಆ ದೇಶದಲ್ಲಿ ಹೇಡಿಯೆಂದು ಮುಖದ ಮೇಲೆ ಹೇಳಿದಂತೆ.

ಇಲ್ಲಿ ಎರಡು ಸಂಗತಿಗಳನ್ನು ಮರೆಯಬಾರದು. ಆಗ ಬ್ರಿಟನ್ನಿನಲ್ಲಿ ಕಡ್ಡಾಯ ಸೈನಿಕ ಸೇವೆಯ ಕಾನೂನೇ ಇರಲಿಲ್ಲ; ಅದು ಬಂದುದು 1916ರಲ್ಲಿ. ಎಂದರೆ ಯಾವ ಕಾನೂನನ್ನೂ ಮೀರದಿದ್ದ ಜನರನ್ನು ಬಹಿರಂಗವಾಗಿ ಅಪರಾಧಿಗಳೆಂದು ಕರೆಯಲಾಯಿತು. ಎರಡನೆಯದು ಇನ್ನೂ ಸ್ವಾರಸ್ಯವಾದುದು. ಶ್ರೀಮಂತರ ವಿನೋದವಾದ ಕುದುರೆಯ ಜೂಜು ನಿಲ್ಲಲಿಲ್ಲ. 1915ರಲ್ಲಿಯೂ ಅವರ ಪ್ರಖ್ಯಾತ ಡರ್ಬಿ ಪಂದ್ಯವು ಸ್ಥಳವನ್ನು ಬದಲಾಯಿಸಿಕೊಂಡು ನಡೆದೇ ನಡೆಯಿತು. ಕೂಲಿಕಾರರೂ ಗುಮಾಸ್ತರೂ ಶನಿವಾರದ ಮಧ್ಯಾಹ್ನ ನೋಡುವ ಆಟವೊಂದೇ ದೇಶದ್ರೋಹವಾಗಿ ಕಂಡಿತು!

ಆ ಕಾಲದಲ್ಲಿ ಸರ್ ಜಾರ್ಜ್ ಮೆಕ್ರೇ ಎಂಬವರು ಆ ಊರಿನಲ್ಲಿ ಹೊಸದೊಂದು ಪಟಾಲಮನ್ನು ಕಟ್ಟಲು ಹೊರಟರು. ಇವರು ಊರಿನ ವ್ಯಾಪಾರಸ್ಥರು, ಹಿಂದೆ ಪಾರ್ಲಿಮೆಂಟಿನ ಸದಸ್ಯರಾಗಿದ್ದವರು. ಐವತ್ತು ದಾಟಿದ್ದರೂ ಜನರನ್ನು ಕಳುಹಿಸಿ ತಾವು ಮನೆಯಲ್ಲಿ ಕುಳಿತವರಲ್ಲ, ಮುಂದೆ ನಿಂತು ನಡೆಸುವೆವೆಂದು ಹೇಳಿ ಹಾಗೆಯೇ ಮಾಡಿದರು. ನವೆಂಬರ್ 25ರಂದು ಹಾರ್ಟ್ಸ್ ತಂಡದ ಹನ್ನೊಂದು ಮಂದಿ ಒಟ್ಟಿಗೆ ಹೋಗಿ ರುಜು ಹಾಕಿದರು. ಇನ್ನೂ ಕೆಲವರು ಆಮೇಲೆ ಹೋದರು. ಜೇಮ್ಸ್ ಸ್ಪೀಡಿ ಎಂಬಾತನು ಇದಕ್ಕೂ ಮುಂಚೆಯೇ ಬೇರೊಂದು ದಳಕ್ಕೆ ಸೇರಿಬಿಟ್ಟಿದ್ದನು. ಆಟಗಾರರು ಹೋದರೆಂದು ತಿಳಿದ ಮೇಲೆ ಅವರ ಆಟ ನೋಡುತ್ತಿದ್ದ ನೂರಾರು ಜನರು ಹಿಂಬಾಲಿಸಿದರು. ರೈತ್ ರೋವರ್ಸ್, ಫಾಲ್ಕರ್ಕ್ ಮುಂತಾದ ಇತರ ಕ್ಲಬ್ಬುಗಳವರೂ ಬಂದರು. ರಾಯಲ್ ಸ್ಕಾಟ್ಸ್ ರೆಜಿಮೆಂಟಿನ ಹದಿನಾರನೆಯ ಪಟಾಲಮು ಹೀಗೆ ಕೂಡಿತು.

ಅಲ್ಲಿಗೆ ಆಟವು ನಿಲ್ಲಲಿಲ್ಲ. ಸ್ಕಾಟ್ಲೆಂಡಿನ ಲೀಗು ಯುದ್ಧಕಾಲದಲ್ಲೆಲ್ಲ ನಡೆದುಕೊಂಡೇ ಬಂದಿತು. ಹೊಸ ಸಿಪಾಯಿಗಳು ರಾತ್ರಿಯೆಲ್ಲ ಕವಾಯತಿನಲ್ಲಿ ನಡೆದು, ಕಾಲು ಬಾತಿರುವಾಗ, ಶನಿವಾರ ಪಂದ್ಯಕ್ಕೆ ಇಳಿಯುತ್ತಿದ್ದರು. ಮುಂದಾಳಾಗಿ ಆಡುತ್ತಿದ್ದ ಟಾಮ್ ಗ್ರೇಸಿಗೆ ರಕ್ತದ ಮಹಾರೋಗವು ತಗುಲಿರುವುದು ವೈದ್ಯರಿಂದ ತಿಳಿಯಿತು. ಆತನು ಅದನ್ನು ಬಚ್ಚಿಟ್ಟುಕೊಂಡು ಆಡಿ, ಆ ಸಾಲಿನಲ್ಲಿ 29 ಗೋಲುಗಳನ್ನು ಹೊಡೆದನು. ಕೊನೆಗೆ ಸೆಲ್ಟಿಕ್ 65 ಅಂಕಗಳಿಂದ ಮೇಲಾಯಿತು; ಹಾರ್ಟ್ಸಿಗೆ 61. ಆ ನಾಲ್ಕು ಅಂಕಗಳು ಎಲ್ಲಿ ಹೋದುವೆಂಬುದನ್ನು ಕವಾಯತು ಮೈದಾನದಲ್ಲಿ ಹುಡುಕಬೇಕು.

ಸ್ಪೀಡಿಯು 1915ರ ಸೆಪ್ಟೆಂಬರ್ 25ರಂದು ಲೂಸ್ ಎಂಬಲ್ಲಿ ಮಡಿದನು. ಅದೇ ದಿನ, ಆ ರಣರಂಗದ ಉತ್ತರಕ್ಕೆ, ಶತ್ರುವಿನ ಗಮನವನ್ನು ಸೆಳೆಯುವುದಕ್ಕೋಸ್ಕರ ನಮ್ಮ ಭಾರತೀಯ ಮೀರತ್ ಡಿವಿಜನ್ನನ್ನು ಮುಂದೂಡಿ ಬಹಳ ಮಂದಿಯನ್ನು ಬಲಿಗೊಟ್ಟರು. ಗ್ರೇಸಿಯು ಅಕ್ಟೋಬರ್ 23ರಂದು ರೋಗದಿಂದ ತೀರಿಕೊಂಡನು. 1916ರ ಜುಲೈ 1ರ ಬೆಳಿಗ್ಗೆ ಸೋಮ್ ನದಿಯ ಪ್ರಾಂತದಲ್ಲಿ ಮಹಾ ಆಕ್ರಮಣವು ಪ್ರಾರಂಭವಾಯಿತು. ಮೆಕ್ರೇಯವರ ಪಟಾಲಮಿನ ಕೆಲವರು ಗುಂಡಿನ ಮಳೆಯಲ್ಲಿ ನುಗ್ಗಿ ಕೊಂತಲ್‌ಮೇಜೋ ಗ್ರಾಮದವರೆಗೆ ಹೋದರು. ಆ ಒಂದೇ ದಿನ ಬ್ರಿಟಿಷ್ ಸೈನ್ಯದಲ್ಲಿ ಸತ್ತವರು 19,240; ಗಾಯಗೊಂಡವರೂ ಕಾಣೆಯಾದವರೂ ಸೇರಿ ಒಟ್ಟು ನಷ್ಟ 57,470. ಸತ್ತವರಲ್ಲಿ ಹ್ಯಾರಿ ವಾಟಿ, ಡಂಕನ್ ಕರಿ, ಅರ್ನೆಸ್ಟ್ ಎಲಿಸ್ ಎಂಬ ಮೂವರು ಹಾರ್ಟ್ಸಿನವರು. ಮುಂದಿನ ತಿಂಗಳು ಜೇಮ್ಸ್ ಬಾಯ್ಡ್, ಮರುವರ್ಷದ ಏಪ್ರಿಲಿನಲ್ಲಿ ಜಾನ್ ಅಲನ್. ಒಟ್ಟು ಏಳು ಮಂದಿ. ಪ್ಯಾಡಿ ಕ್ರಾಸನ್ ಎಂಬಾತನು ಗಾಯವನ್ನೂ ವಿಷವಾಯುವನ್ನೂ ತಿಂದು ಬದುಕಿ ಬಂದು ಮತ್ತೆ ಚೆಂಡಾಡಿದನು, 1933ರಲ್ಲಿ ತೀರಿಕೊಂಡನು. ಇಂಥವರ ಹೆಸರು ಸತ್ತವರ ಪಟ್ಟಿಯಲ್ಲಿ ಬರುವುದಿಲ್ಲ.

ಈ ತರುಣರ ಧೈರ್ಯವನ್ನು ನಾವು ಮನಸಾರೆ ಗೌರವಿಸುತ್ತೇವೆ. ಆದರೆ ಆ ಗೌರವದ ನೆರಳಿನಲ್ಲಿ ಗರಿ ಹಂಚಿದವರು ತಪ್ಪಿಸಿಕೊಳ್ಳಬಾರದು. ಯಾರದೋ ದುಡ್ಡಿನಲ್ಲಿ ಎಲ್ಲಮ್ಮನ ಜಾತ್ರೆ ಮಾಡುವವರನ್ನು ನಮ್ಮ ಹಳ್ಳಿಗರು ಬಲ್ಲರು. ಯಾರದೋ ಪ್ರಾಣದಲ್ಲಿ ಜಾತ್ರೆ ಮಾಡುವವರನ್ನು ಏನೆನ್ನಬೇಕು? ಸಂಪಾದಕನ ಲೇಖನಿಯೂ ಈ ಪಾಪಕ್ಕೆ ಹೊರತಲ್ಲವೆಂಬುದನ್ನು ಪತ್ರಿಕೆಯವರಾದ ನಾವೇ ಮೊದಲು ಹೇಳಬೇಕು. ಯುದ್ಧಕಾಲದಲ್ಲಿ ವೀರರಸವು ಸುಲಭವಾಗಿ ಅಚ್ಚಾಗುತ್ತದೆ, ಚೆನ್ನಾಗಿ ಮಾರಾಟವೂ ಆಗುತ್ತದೆ.

ಹಾರ್ಟ್ಸಿನವರನ್ನು ಹಂಗಿಸಿಯಾದರೂ ಕೇಳಿದರು. ನಮ್ಮ ದೇಶವನ್ನು 1914ರಲ್ಲಿಯೂ 1939ರಲ್ಲಿಯೂ ಕೇಳಲೇ ಇಲ್ಲ. ವೈಸರಾಯಿಯ ಒಂದು ಪ್ರಕಟನೆಯಿಂದ ಎರಡನೆಯ ಸಲ ನಾವು ಯುದ್ಧದಲ್ಲಿದ್ದೆವು, ಪ್ರಾಂತಗಳ ಕಾಂಗ್ರೆಸ್ ಮಂತ್ರಿಮಂಡಲಗಳು ಅದಕ್ಕಾಗಿಯೇ ರಾಜೀನಾಮೆ ಕೊಟ್ಟುವು. ಹೋದವರಲ್ಲಿ ಹಸಿವಿನಿಂದ ಹೋದವರು ಎಷ್ಟು ಮಂದಿ, ಮರ್ಯಾದೆಗಾಗಿ ಹೋದವರು ಎಷ್ಟು ಮಂದಿ ಎಂದು ವಿಚಾರಿಸುವ ತೊಂದರೆಯನ್ನು ಯಾರೂ ತೆಗೆದುಕೊಳ್ಳಲಿಲ್ಲ.

ಎಡಿನ್‌ಬರೋ ನಗರವು ತನ್ನವರನ್ನು ಮರೆಯಲಿಲ್ಲವೆಂಬುದನ್ನು ಒಪ್ಪಲೇಬೇಕು. ಹೇಮಾರ್ಕೆಟ್ ಎಂಬ ಕೂಡುರಸ್ತೆಯಲ್ಲಿ ಗಡಿಯಾರವುಳ್ಳ ಒಂದು ಸ್ಮಾರಕಸ್ತಂಭವನ್ನು 1922ರಲ್ಲಿ ನಿಲ್ಲಿಸಿದರು. ಟ್ರಾಮಿನ ಕೆಲಸಕ್ಕಾಗಿ 2009ರಲ್ಲಿ ಅದನ್ನು ತೆಗೆದಿರಿಸಿ, 2013ರಲ್ಲಿ ತಂದು ನಿಲ್ಲಿಸಿದರು. ಪ್ರತಿವರ್ಷ ನವೆಂಬರಿನಲ್ಲಿ ಜನರು ಅಲ್ಲಿ ಸೇರುತ್ತಾರೆ. ಕೊಂತಲ್‌ಮೇಜೋ ಗ್ರಾಮದಲ್ಲಿ ಮಾತ್ರ ಕಲ್ಲಿನ ಗುರುತೊಂದು ನಿಂತುದು 2004ರಲ್ಲಿ, ಎಂಬತ್ತೆಂಟು ವರ್ಷಗಳ ಮೇಲೆ.

ಬೆಂಗಳೂರಿನ ಕಾಲ್ಚೆಂಡಾಟವು ದಂಡಿನ ಪ್ರದೇಶದಲ್ಲಿ, ಪಟಾಲಮುಗಳ ಎದುರಿನಲ್ಲಿ ಆಡಿ ಬೆಳೆದ ಆಟ. ಬೆಂಗಳೂರು ಮುಸ್ಲಿಮ್ಸ್ ತಂಡವು 1937ರಲ್ಲಿಯೂ 1938ರಲ್ಲಿಯೂ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದು ತಂದುದು ಹಿರಿಯರ ಬಾಯಲ್ಲಿ ಇನ್ನೂ ಉಂಟು. ಮರುವರ್ಷವೇ ಯುದ್ಧವು ಬಂದಿತು. ಆ ಪೀಳಿಗೆಯ ಆಟಗಾರರಲ್ಲಿ ಯಾರು ದಂಡಿಗೆ ಹೋದರು, ಯಾರು ಮರಳಿದರು ಎಂಬ ಲೆಕ್ಕವು ಹಳೆಯ ಕ್ಲಬ್ಬುಗಳ ರಿಜಿಸ್ಟರುಗಳಲ್ಲಿ ಇದ್ದರೆ ಇರಬೇಕು. ಗೆದ್ದಲು ತಿನ್ನುವ ಮೊದಲೇ ಕಾರ್ಯದರ್ಶಿಗಳು ಅವನ್ನು ಹೊರತೆಗೆಯಿಸಿ, ಹೆಸರುಗಳ ಪಟ್ಟಿಯನ್ನು ಮಾಡಿಸಿ, ಒಂದು ಪ್ರತಿಯನ್ನು ಸರ್ಕಾರದ ಪತ್ರಾಗಾರಕ್ಕೆ ಕೊಡಬೇಕೆಂದು ಕೋರುತ್ತೇವೆ. ಪಟ್ಟಿಯನ್ನು ನಮಗೆ ಕಳುಹಿಸಿದಲ್ಲಿ, ಎಷ್ಟೇ ಉದ್ದವಾಗಿದ್ದರೂ, ಜಾಹೀರಾತಿನ ಜಾಗವನ್ನಾದರೂ ಬಿಟ್ಟುಕೊಟ್ಟು ಈ ಪತ್ರಿಕೆಯಲ್ಲಿ ಅಚ್ಚುಹಾಕಿಸುತ್ತೇವೆ.