ಒಂದೇ ಅಂಗಡಿಯ ಖರೀದಿ

ವಿಶ್ವವಿದ್ಯಾನಿಲಯವೊಂದು ಕೋಟಿಗಟ್ಟಲೆ ಬೆಲೆಯ ಯಂತ್ರವನ್ನು ಟೆಂಡರು ಕರೆಯದೆ ಒಂದೇ ಕಂಪನಿಯಿಂದ ಕೊಂಡಿತೆಂದು ಕಿವಿಗೆ ಬಿದ್ದರೆ, ನಮ್ಮ ಬಾಯಿಂದ ಹೊರಡುವ ಮೊದಲ ಮಾತು “ಲಂಚ”. ಈ ಸಂಶಯ ಸುಮ್ಮನೆ ಹುಟ್ಟಿದ್ದಲ್ಲ. ಬೊಕ್ಕಸದ ಹಣ ಹೇಗೆ ಸೋರುತ್ತದೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆದರೆ ಸಂಶಯವೇ ತೀರ್ಪಲ್ಲ. ಒಬ್ಬನಿಂದಲೇ ಕೊಳ್ಳುವುದು ಎಲ್ಲ ಸಲವೂ ಕಳ್ಳತನವಲ್ಲ. ಏಕೆ ಕೊಂಡೆವೆಂದು ಹೇಳದಿರುವುದು ಮಾತ್ರ ಎಲ್ಲ ಸಲವೂ ತಪ್ಪು.

ಗಿರಣಿಯಲ್ಲಿ ದುಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಂಪನಿಯ ರಿಂಗ್ ಫ್ರೇಮಿಗೆ ಇನ್ನೊಂದು ಕಂಪನಿಯ ಬಿಡಿಭಾಗ ಕೂರದಿದ್ದರೆ, ಅಗ್ಗವೆಂದು ತಂದದ್ದು ಗುಜರಿಗೇ ಸರಿ. ಪ್ರಯೋಗಶಾಲೆಯ ಪಾಡೂ ಇದೇ. ಎನ್.ಎಂ.ಆರ್. ಎಂಬ ಯಂತ್ರವನ್ನೇ ನೋಡಿ. ಔಷಧದ ಅಣುವಿನಲ್ಲಿ ಪರಮಾಣುಗಳು ಹೇಗೆ ಜೋಡಣೆಯಾಗಿವೆಯೆಂದು ಅದು ತೋರಿಸುತ್ತದೆ. ಅದರ ದೊಡ್ಡ ಅಯಸ್ಕಾಂತದ ಸುರುಳಿ ಸೊನ್ನೆಗಿಂತ 269 ಡಿಗ್ರಿ ಕೆಳಗಿನ ದ್ರವ ಹೀಲಿಯಂನಲ್ಲಿ ಮುಳುಗಿರಬೇಕು. ಇಂಥದನ್ನು ತಯಾರಿಸುವವರು ಲೋಕದಲ್ಲೇ ಬೆರಳೆಣಿಕೆಯಷ್ಟು. ವೇರಿಯನ್ ಎಂಬ ಹಳೆಯ ಅಮೆರಿಕನ್ ಕಂಪನಿಯನ್ನು 2010ರಲ್ಲಿ ಅಜಿಲೆಂಟ್ ಕಂಪನಿ ಕೊಂಡಿತು. 2014ರಲ್ಲಿ ಈ ವ್ಯಾಪಾರವನ್ನೇ ಬಿಡುವುದಾಗಿ ಸಾರಿತು. ಮುಖ್ಯವಾಗಿ ಉಳಿದವು ಜರ್ಮನಿಯಲ್ಲಿ ಹುಟ್ಟಿದ ಬ್ರೂಕರ್ ಮತ್ತು ಜಪಾನಿನ ಜಿಯೋಲ್. ಒಬ್ಬರ ಯಂತ್ರ ಕೊಂಡ ಮೇಲೆ ಅದರ ಬಿಡಿಭಾಗಕ್ಕೂ ದುರಸ್ತಿಗೂ ಹೆಚ್ಚಾಗಿ ಅವರ ಬಾಗಿಲಿಗೇ ಹೋಗಬೇಕು. ಇಲ್ಲಿ ಪೈಪೋಟಿ ಸತ್ತದ್ದು ವಿಶ್ವವಿದ್ಯಾನಿಲಯದ ಕಚೇರಿಯಲ್ಲಲ್ಲ, ಬಂಡವಾಳದ ಸಂತೆಯಲ್ಲಿ.

ಕಾನೂನೂ ಇದನ್ನು ಬಲ್ಲದು. ಸಾರ್ವಜನಿಕ ಖರೀದಿಯ ಪಾರದರ್ಶಕತೆಗಾಗಿ 1999ರಲ್ಲಿ ಕರ್ನಾಟಕ ಮಾಡಿದ ಅಧಿನಿಯಮವು, ಸರಕು ಒಂದೇ ಕಡೆ ಸಿಗುವುದಾಗಿದ್ದು ತಕ್ಕ ಬದಲಿ ಇಲ್ಲದಿದ್ದರೆ ಟೆಂಡರಿಗೆ ವಿನಾಯಿತಿ ಕೊಡುತ್ತದೆ. ಆದರೆ ಅದು ನಿಜವೇ ಎಂದು ಮೂವರು ತಜ್ಞರು ನೋಡಬೇಕು: ಕೊಳ್ಳುವ ಸಂಸ್ಥೆಯವರೊಬ್ಬರು, ಅಂಥದೇ ಖರೀದಿ ಮಾಡುವ ಸರಕಾರಿ ಸಂಸ್ಥೆಯವರೊಬ್ಬರು, ಹೊರಗಿನ ವಿದ್ಯಾಸಂಸ್ಥೆ ಅಥವಾ ಸಂಶೋಧನಾಲಯದವರೊಬ್ಬರು. ಕೇಂದ್ರದ 2017ರ ಹಣಕಾಸು ನಿಯಮಗಳೂ, ಬೇರೆ ತಯಾರಿಕೆ ಏಕೆ ಒಗ್ಗದೆಂಬ ಕಾರಣವನ್ನು ಬರೆದುಕೊಡಬೇಕೆನ್ನುತ್ತವೆ.

ಮೋಸ ನುಸುಳುವುದು ಈ ಕಾರಣ ಬರೆಯುವಲ್ಲಿಯೇ. ಕಂಪನಿಯ ಏಜೆಂಟನು ಕೊಟ್ಟ ಕರಪತ್ರದ ಗುಣಗಳನ್ನೇ ನಕಲು ಮಾಡಿ, “ಇದೇ ನಮ್ಮ ಅಗತ್ಯ” ಎಂದರೆ, ಅದು ಉತ್ತರ ನೋಡಿಕೊಂಡು ಲೆಕ್ಕ ಬರೆದ ಹುಡುಗನ ಜಾಣತನ. ಮೊದಲು ಹೇಳಬೇಕಾದ್ದು ಮಾಡಬೇಕಾದ ಕೆಲಸವೇನೆಂದು. ಕಂಪನಿಯ ಹೆಸರು ಕೊನೆಗೆ. “ನಮ್ಮ ಪ್ರೊಫೆಸರರಿಗೆ ಇದು ರೂಢಿ” ಎಂಬುದು ಕಾರಣವಲ್ಲ. “ವರ್ಷ ಮುಗಿಯುತ್ತಿದೆ, ಅನುದಾನ ವಾಪಸು ಹೋಗುತ್ತದೆ” ಎಂಬುದಂತೂ ಕಾರಣವೇ ಅಲ್ಲ.

ಆದ್ದರಿಂದ ನಾವು ಕೇಳುವುದು ಮೂರು. ಆದೇಶ ಕೊಡುವ ಮೊದಲೇ ಕಾರಣಪತ್ರವನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಲಿ. ಅದೇ ಯಂತ್ರಕ್ಕೆ ಬೇರೆ ವಿಶ್ವವಿದ್ಯಾನಿಲಯಗಳು ಕೊಟ್ಟ ಬೆಲೆಯನ್ನು ವಿಚಾರಿಸಲಿ, “ಪಕ್ಕದವನಿಗೆ ಯಾವ ದರಕ್ಕೆ ಕೊಟ್ಟೆ?” ಎಂದು ಕೇಳದೆ ಯಾವ ಕಿರಾಣಿ ವ್ಯಾಪಾರಿಯೂ ಮೂಟೆ ಇಳಿಸಿಕೊಳ್ಳುವುದಿಲ್ಲ. ದುರಸ್ತಿ ಮತ್ತು ಬಿಡಿಭಾಗಗಳ ಮುಂದಿನ ವರ್ಷಗಳ ದರವನ್ನು ಅದೇ ಕರಾರಿನಲ್ಲಿ ಬರೆಸಿಕೊಳ್ಳಲಿ. ಇಲ್ಲವಾದರೆ ಯಂತ್ರ ಕೈಗೆ ಬಂದ ಮೇಲೆ ಜುಟ್ಟು ಕಂಪನಿಯ ಕೈಯಲ್ಲಿ.

ಕಾರಣಪತ್ರ ಹೊರಗೆ ಬಾರದಿದ್ದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯಿದೆ. ಹತ್ತು ರೂಪಾಯಿ ಶುಲ್ಕ ಕಟ್ಟಿ ಯಾವ ನಾಗರಿಕನೂ ಅದನ್ನು ಕೇಳಬಹುದು. ಸೋಪು ಕೊಂಡರೂ ತೆರಿಗೆ ಕಟ್ಟುವವರು ನಾವು. ನಮ್ಮ ಮಕ್ಕಳು ಒಳ್ಳೆಯ ಯಂತ್ರದ ಮುಂದೆ ನಿಂತು ಕಲಿಯಲಿ. ಆದರೆ ಅದರ ಲೆಕ್ಕ ನಮ್ಮ ಮುಂದೆ ಬರಲಿ.